ಔರಾದ ರಸ್ತೆಗೆ ಹೋದ ಹದಿನೆಂಟು ಚೀಲ

ಕತ್ತರಿಸುವ ಯಂತ್ರದ ಕೆಳಗೆ ಬಿದ್ದಿದ್ದ ಆ ತುಂಡಿನ ಮೇಲೆ ಅರ್ಧ ಮೀಸೆ ಇತ್ತು. ಕಸಬರಿಗೆಯಿಂದ ಗುಡಿಸುತ್ತಿದ್ದವಳು ಬಗ್ಗಿ ಎತ್ತಿಕೊಂಡೆ. ಬೆರಳುದ್ದದ ಪಟ್ಟಿ, ದಪ್ಪಗಿತ್ತು, ಒಂದು ಬದಿ ಹೊಳೆಯುತ್ತಿತ್ತು, ಹರಿದ ಅಂಚಿನಲ್ಲಿ ಬಿಳಿ ದಾರದ ಎಳೆಗಳು ಇಣುಕುತ್ತಿದ್ದವು. ರಸ್ತೆಬದಿಗೆ ಕಟ್ಟುವ ಬ್ಯಾನರಿನ ತುಂಡು. ಯಾರೋ ಮುಖಂಡರ ಮೀಸೆ.

ಎರಡು ದಿನ ನಾನು ಶೆಡ್ಡಿಗೆ ಬಂದಿರಲಿಲ್ಲ. ನಮ್ಮ ಮನೆಯ ಯಜಮಾನರಿಗೆ ಬೀದರದ ದವಾಖಾನೆಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದೆವು. ಅವತ್ತು ಮುಂಜಾನೆ ಮೈಲೂರಿನ ಮನೆಯಲ್ಲಿ ಅವರನ್ನು ಕೂಡಿಸಿ, ಹನಿ ಹಾಕುವ ಕೆಲಸ ಮಗಳಿಗೆ ಒಪ್ಪಿಸಿ, ಮೊದಲ ಬಸ್ಸು ಹಿಡಿದು ಭಾಲ್ಕಿಗೆ ಬಂದಿದ್ದೆ. ಊರ ಹೊರಗೆ ಪಕ್ಕದ ಗ್ರಾಮ ಪಂಚಾಯಿತಿಯ ಒಣ ಕಸದ ಶೆಡ್ಡು ಇದೆ. ನಮ್ಮ ಮಹಿಳಾ ಸಂಘದವರು ಅದನ್ನು ನಡೆಸುತ್ತೇವೆ. ಕಸದ ಗಾಡಿ ಓಡಿಸುವುದು ನಾನು, ಬಂದದ್ದನ್ನು ಬೇರೆ ಮಾಡಿಸುವುದೂ ನಾನು.

ಆ ವರ್ಷ ನಮ್ಮ ಶೆಡ್ಡಿಗೆ ಹೊಸ ಕೆಲಸ ಬಂದಿತ್ತು. ಔರಾದದ ಕಡೆ ಒಂದು ಹಳ್ಳಿ ರಸ್ತೆಗೆ ಪ್ಲಾಸ್ಟಿಕ್ ಬೆರೆಸಿ ಡಾಂಬರು ಹಾಕುತ್ತಿದ್ದರು. ಹಾಲಿನ ಪಾಕೀಟು, ಚಿಪ್ಸ್ ಪಾಕೀಟು, ಅಂಗಡಿಯ ತೆಳು ಚೀಲ ಇವನ್ನೆಲ್ಲ ತೊಳೆದು, ಒಣಗಿಸಿ, ಸಣ್ಣಗೆ ಕತ್ತರಿಸಿ ನಾವು ಚೀಲ ತುಂಬಿ ಕೊಡಬೇಕು. ಡಾಂಬರ್ ಪ್ಲಾಂಟಿನಲ್ಲಿ ಕಾದ ಜಲ್ಲಿ ಖಡಿಯ ಮೇಲೆ ಅದನ್ನು ಸುರಿಯುತ್ತಾರೆ. ಕರಗಿ ಕಲ್ಲಿಗೆ ಹತ್ತಿಕೊಂಡ ಮೇಲೆ ಡಾಂಬರು ಬೀಳುತ್ತದೆ. ರಸ್ತೆಗೆ ನೀರು ಬೇಗ ಇಳಿಯುವುದಿಲ್ಲ ಅನ್ನುತ್ತಾರೆ. ಬೀದರದಲ್ಲಿ ನಮಗೆ ಮೂರು ದಿನ ತರಬೇತಿ ಕೊಟ್ಟ ಮೇಷ್ಟ್ರು ಒಂದೇ ಮಾತನ್ನು ಹತ್ತು ಸಲ ಹೇಳಿದ್ದರು: ಪಿವಿಸಿ ಮಾತ್ರ ಬೇಡ. ಪೈಪು ಬೇಡ, ವೈರಿನ ಮೇಲಿನ ಸಿಪ್ಪೆ ಬೇಡ, ಬ್ಯಾನರು ಬೇಡ. ಕಾದರೆ ಅದರಿಂದ ಬರುವುದು ಬರೀ ಹೊಗೆಯಲ್ಲ, ಆಸಿಡ್ಡು. ಹತ್ತಿರ ನಿಂತವರ ಕಣ್ಣು, ಗಂಟಲು, ಪುಪ್ಪುಸ ಮೂರನ್ನೂ ಸುಡುತ್ತದೆ.

ಯಂತ್ರ ಓಡಿಸುವವರು ಹಲಬರ್ಗಾದ ಒಬ್ಬ ಹೆಂಗಸು, ನಾವೆಲ್ಲ ಕಾಕು ಅನ್ನುತ್ತೇವೆ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಹಿಡಿದ ಕೆಲಸ ಬಿಡದ ಮನುಷ್ಯರು. ತರಬೇತಿಗೆ ಮಾತ್ರ ಬಂದಿರಲಿಲ್ಲ. ಆ ವಾರ ಅವರ ಮನೆಯಲ್ಲಿ ಸೊಸೆಯ ಬಾಣಂತನ ಇತ್ತು.

"ಕಾಕು, ಇದು ಎಲ್ಲಿಂದ ಬಂತರಿ?" ಅಂದೆ.

"ಅದಾ? ಪಟ್ಟಣದಾಗ ಬ್ಯಾನರ್ ಎಲ್ಲಾ ಇಳಿಸ್ಯಾರವ್ವಾ. ಮೊನ್ನಿ ಒಂದು ಟೆಂಪೋ ತುಂಬ ತಂದು ಹಾಕಿದ್ರು. ಪ್ಲಾಂಟಿನವ್ರು ಹದಿನೆಂಟು ಚೀಲ ಬೇಕಂದ್ರು, ನಮ್ಮ ಹತ್ರ ಹನ್ನೆರಡೇ ಇದ್ವು. ಇದೂ ಪ್ಲಾಸ್ಟಿಕೇ ಅಲ್ಲೇನು ಅಂತ ಯಂತ್ರಕ್ಕ ಹಾಕಿದೆ."

"ಆ ಆರು ಚೀಲ ಬ್ಯಾರೆ ಇಟ್ಟೀರೇನು?"

"ಬ್ಯಾರೆ ಯಾಕ? ಎಲ್ಲಾ ಒಂದಕ್ಕೊಂದು ಕಲಿಸಿ ತುಂಬಿದ್ವಿ. ನಿನ್ನಿ ಸಂಜಿಗಿ ಗಾಡಿ ಬಂದು ಒಯ್ತು." ಅವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. "ಯಾಕ? ಏನಾತು?"

ನನಗೆ ಮೊದಲು ನೆನಪಾದದ್ದು ಚೀಟಿ. ಪ್ರತಿ ಲೋಡಿನ ಜೊತೆ ಒಂದು ಚೀಟಿ ಹೋಗಬೇಕು. ಅದರಲ್ಲಿ ಇಷ್ಟು ಚೀಲ, ತೊಳೆದದ್ದು, ಒಣಗಿದ್ದು, ಪಿವಿಸಿ ಇಲ್ಲ ಅಂತ ಅಚ್ಚಾಗಿರುತ್ತದೆ. ಕೆಳಗೆ ನಾನು ನೋಡಿ ಸಹಿ ಮಾಡಬೇಕು. ರಜೆಗೆ ಹೋಗುವ ಮುಂಚೆ ಮೂರು ಖಾಲಿ ಚೀಟಿಗಳಿಗೆ ಸಹಿ ಹಾಕಿ ಕಾಕುವಿನ ಕೈಗೆ ಕೊಟ್ಟು ಹೋಗಿದ್ದೆ. ಗಾಡಿ ಬಂದು ಬರಿಗೈಲಿ ತಿರುಗಿ ಹೋಗಬಾರದಲ್ಲ ಅಂತ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಪ್ಲಾಂಟಿನಲ್ಲಿ ಮಂಚ ಅನ್ನುವ ಎತ್ತರದ ಅಟ್ಟದ ಮೇಲೆ ನಿಂತು ಆ ಚೀಲ ಬಿಚ್ಚಿ, ಕಾದ ಖಡಿಯ ಬಾಯಿಗೆ ಡಬ್ಬಿಯಿಂದ ಪ್ಲಾಸ್ಟಿಕ್ ಸುರಿಯುವವಳು ನನ್ನ ಸ್ವಂತ ಅಕ್ಕ. ಭಾತಂಬ್ರಾದಲ್ಲಿ ನಾವಿಬ್ಬರೂ ಒಂದೇ ಶಾಲೆಗೆ ಹೋದವರು. ಅವಳನ್ನು ಔರಾದಕ್ಕೆ ಕೊಟ್ಟಿದ್ದಾರೆ. ಪ್ಲಾಂಟಿನವರು ಹೆಣ್ಣಾಳು ಬೇಕು ಅಂದಾಗ ಅವಳ ಹೆಸರು ಹೇಳಿದವಳು ನಾನೇ.

ಅಕ್ಕನ ಫೋನಿಗೆ ಹಚ್ಚಿದೆ. ರಿಂಗ್ ಆಗಿ ಆಗಿ ನಿಂತಿತು. ಕೆಲಸಕ್ಕೆ ಏರುವಾಗ ಅವಳು ಫೋನನ್ನು ಬುತ್ತಿ ಗಂಟಿನಲ್ಲಿ ಇಟ್ಟಿರುತ್ತಾಳೆ. ಪ್ಲಾಂಟಿನ ಮ್ಯಾನೇಜರರಿಗೆ ಹಚ್ಚಿದೆ. ಎತ್ತಲಿಲ್ಲ. ರಸ್ತೆ ನೋಡಿಕೊಳ್ಳುವ ಎಂಜಿನಿಯರ್ ಸಾಹೇಬರದು ಬಂದ್ ಇತ್ತು. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಹತ್ತಕ್ಕೆ ಖಡಿಯ ಡ್ರಮ್ಮು ಕಾಯುತ್ತದೆ, ಹತ್ತೂವರೆಗೆ ಮೊದಲ ಘಾಣದ ಮಾಲು ಬೀಳುತ್ತದೆ ಅಂತ ಅಕ್ಕ ಹೇಳುತ್ತಿದ್ದದ್ದು ನೆನಪಾಯಿತು.

ಔರಾದದ ಬಸ್ಸು ಹೋಗಿಯಾಗಿತ್ತು. ಅಂಗಳದಲ್ಲಿ ನಮ್ಮ ಕಸದ ಗಾಡಿ ನಿಂತಿತ್ತು. ಪಂಚಾಯಿತಿಯ ಗಡಿ ದಾಟಿ ಅದನ್ನು ಒಯ್ಯಕೂಡದು ಅಂತ ಕಟ್ಟುನಿಟ್ಟಾದ ಹುಕುಂ ಇದೆ. ಕೀಲಿ ನನ್ನ ಸೆರಗಿನ ತುದಿಯಲ್ಲೇ ಇತ್ತು.

"ನಾನೂ ಬರ್ತೇನಿ," ಅಂದರು ಕಾಕು. ವಿಷಯವನ್ನು ಅಷ್ಟರಲ್ಲಿ ಅರ್ಧಂಬರ್ಧ ಹೇಳಿದ್ದೆ. ಅವರು ಏನನ್ನೂ ಕೇಳದೆ ಒಂದು ಬಕೀಟು ತಂದು ಕಾಲ ಹತ್ತಿರ ಇಟ್ಟುಕೊಂಡು ಕೂತರು. ಬಕೀಟು ಯಾಕೆಂದರೆ, ಪಿವಿಸಿ ನೀರಿನಲ್ಲಿ ಮುಳುಗುತ್ತದೆ, ಪಾಕೀಟಿನ ಪ್ಲಾಸ್ಟಿಕ್ ತೇಲುತ್ತದೆ ಅಂತ ನಾನು ಆಗಷ್ಟೇ ಹೇಳಿದ್ದೆ.

ಆ ಗಾಡಿ ಊರ ಓಣಿಗೆ ಮಾಡಿದ್ದು. ನಲವತ್ತು ದಾಟಿದರೆ ಇಡೀ ಮೈ ನಡುಗುತ್ತದೆ. ಅವತ್ತು ಐವತ್ತಕ್ಕೆ ಒತ್ತಿದೆ. ಹಿಂದಿನ ಡಬ್ಬಿಯೊಳಗೆ ರಜೆಗೆ ಮುಂಚೆ ತುಂಬಿದ್ದ ಬಾಟಲಿಗಳು ಗಡಗಡ ಅಂತಿದ್ದವು. ಕಬ್ಬಿನ ಹಂಗಾಮು. ಮಾಂಜ್ರಾ ಸೇತುವೆಗೆ ಇನ್ನೂ ದೂರವಿರುವಾಗಲೇ ಒಂದು ಟ್ರ್ಯಾಕ್ಟರು ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಮುಂದೆ ಸಿಕ್ಕಿತು. ಎರಡೂ ಬದಿಗೆ ಕಬ್ಬಿನ ಗರಿ ಚಾಚಿ ರಸ್ತೆ ಪೂರಾ ತುಂಬಿತ್ತು. ಹಾರ್ನ್ ಬಾರಿಸಿದೆ. ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗಿತ್ತು, ಅವನಿಗೆ ಕೇಳಿಸಲಿಲ್ಲ. ಸೇತುವೆ ಮುಗಿಯುವ ತನಕ ನಡೆಯುವ ಮನುಷ್ಯನಷ್ಟೇ ವೇಗದಲ್ಲಿ ಅವನ ಹಿಂದೆ ಹೋದೆವು. ಕಾಕು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ನಾನು ಒಂದು ಕೈಯಲ್ಲಿ ಫೋನು ಹಿಡಿದು ಮತ್ತೆ ಮತ್ತೆ ಅಕ್ಕನ ನಂಬರು ಒತ್ತುತ್ತಿದ್ದೆ.

"ನಂಗ ಗೊತ್ತಿರಲಿಲ್ಲ ತಂಗಿ," ಅಂದರು ಕಾಕು, ಕಣ್ಣು ತೆರೆಯದೆ.

"ನಿಮಗ ಗೊತ್ತಿಲ್ಲ ಅಂತ ನಂಗ ಗೊತ್ತಿತ್ತಲ್ರಿ," ಅಂದೆ. ಸಿಟ್ಟಿನಿಂದ ಅಂದದ್ದಲ್ಲ. ಅಂದ ಮೇಲೆ ಅದೇ ಖರೇ ಅನ್ನಿಸಿತು.

ಪ್ಲಾಂಟು ಔರಾದಕ್ಕೆ ಸ್ವಲ್ಪ ಈಚೆ, ಖಡಿಯ ಗಣಿಯ ಪಕ್ಕದಲ್ಲಿತ್ತು. ನಾವು ತಲುಪಿದಾಗ ಹನ್ನೊಂದು ದಾಟಿತ್ತು. ಗೇಟಿನ ಹೊರಗೆ ಎರಡು ಟಿಪ್ಪರ್ ನಿಂತಿದ್ದವು, ಒಂದರಲ್ಲಿ ಆಗಲೇ ಕಪ್ಪು ಮಾಲು ತುಂಬಿ ಹೊಗೆಯಾಡುತ್ತಿತ್ತು. ಡಾಂಬರಿನ ವಾಸನೆ ನನಗೆ ಹೊಸದಲ್ಲ. ಅದರೊಳಗೆ ಇನ್ನೊಂದು ವಾಸನೆ ಇತ್ತು. ಮೂಗಿನ ಮೇಲ್ಭಾಗದಲ್ಲಿ ಸೂಜಿ ಚುಚ್ಚಿದ ಹಾಗೆ. ಇಳಿಯುವಾಗಲೇ ಕಾಕುವಿಗೆ ಕೆಮ್ಮು ಬಂತು.

ಅಕ್ಕ ಮಂಚದ ಮೇಲೆ ಇದ್ದಳು. ಸೆರಗು ಒದ್ದೆ ಮಾಡಿ ಮೂಗು ಬಾಯಿಗೆ ಕಟ್ಟಿಕೊಂಡು, ಮುಖ ಒಂದು ಕಡೆ ತಿರುಗಿಸಿ ಡಬ್ಬಿ ಬೋರಲು ಹಾಕುತ್ತಿದ್ದಳು. ನಾನು ಕೂಗಿದೆ. ಡ್ರಮ್ಮಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಿ ಅವಳ ಕೈಯ ಡಬ್ಬಿ ಕಿತ್ತುಕೊಂಡೆ. ಅವಳ ಕಣ್ಣು ಕೆಂಪಗೆ ಉರಿದು ಹೋಗಿದ್ದವು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು ಅವಳಿಗೆ.

"ನೀ ಯಾಕ ಬಂದಿ?"

"ಕೆಳಗಿಳಿ ಅಕ್ಕಾ. ಜಲ್ದಿ ಇಳಿ."

ಅವಳನ್ನು ಕಾಕುವಿನ ಜೊತೆ ಗಾಳಿಯ ಎದುರು ದಿಕ್ಕಿಗೆ, ಬೇವಿನ ಮರದ ಬುಡಕ್ಕೆ ಕಳಿಸಿ ನಾನು ಮ್ಯಾನೇಜರರ ಕ್ಯಾಬಿನ್ನಿಗೆ ಓಡಿದೆ. ಅಷ್ಟರಲ್ಲಿ ಮಂಚದ ಮೇಲೆ ಇನ್ನೊಬ್ಬ ಆಳು ಹತ್ತಿದ್ದ.

ಮ್ಯಾನೇಜರರು ಕೆಟ್ಟ ಮನುಷ್ಯರಲ್ಲ. ಬೇರೆ ದಿನ ಬಂದರೆ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಆಮೇಲೆ ಕಿಟಕಿಯಿಂದ ಟಿಪ್ಪರುಗಳನ್ನು ನೋಡಿದರು.

"ಬಾಯಿಯವ್ರೆ, ರಸ್ತಿ ಮ್ಯಾಲ ಯಂತ್ರ ನಿಂತದ, ರೋಲರ್ ನಿಂತದ, ಇಪ್ಪತ್ತು ಆಳು ಅವ. ಈಗ ಬಂದ್ ಮಾಡು ಅಂದ್ರ ಹ್ಯಾಂಗ್ರಿ?"

"ಪೂರಾ ಬಂದ್ ಬ್ಯಾಡ್ರಿ. ಪ್ಲಾಸ್ಟಿಕ್ ಒಂದು ಹಾಕಬ್ಯಾಡ್ರಿ."

"ಪ್ಲಾಸ್ಟಿಕ್ ಇಲ್ಲದ ಮಾಲು ಈ ರಸ್ತಿಗಿ ಹಾಕಿದ್ರ ಎಂಜಿನಿಯರ್ ಸಾಹೇಬ್ರು ಕಿತ್ತಿಸ್ತಾರ. ನಿಮ್ಮ ಮಾಲು ಖರಾಬ್ ಅದ ಅಂತ ನಿಮ್ಮ ಬಾಯಿ ಮಾತಿನ ಮ್ಯಾಲ ನಂಬಲೇನು? ಚೀಟಿ ಬ್ಯಾರೆ ಹೇಳ್ತದಲ್ಲ."

ಹೊರಗೆ ಬಕೀಟಿಗೆ ನೀರು ತುಂಬಿಸಿದೆ. ತೆರೆದ ಚೀಲವೊಂದರಿಂದ ಎರಡು ಮುಷ್ಟಿ ತಂದು ಹಾಕಿ ಕೋಲಿನಿಂದ ಕಲಕಿದೆ. ಮ್ಯಾನೇಜರರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ಹಾಲಿನ ಪಾಕೀಟಿನ ಚೂರು ಮೇಲೆ ತೇಲಿತು. ಹೊಳೆಯುವ ಬಣ್ಣಬಣ್ಣದ ಚೂರು ನಿಧಾನಕ್ಕೆ ತಳ ಸೇರಿತು.

"ನೋಡ್ರಿ," ಅಂದೆ.

"ಮಣ್ಣು ಹತ್ತ್ಯಾದ, ಅದಕ್ಕ ಮುಳುಗ್ಯಾದ. ಸರಿಯಾಗಿ ತೊಳದಿಲ್ಲ ನೀವು."

ಹಿಂದಿನಿಂದ ಮತ್ತೊಂದು ಡಬ್ಬಿ ಬೋರಲಾಯಿತು. ಆ ಸೂಜಿಯ ವಾಸನೆ ಮತ್ತೆ ಬಂತು. ಮಂಚದ ಮೇಲಿನವನು ತಲೆ ಬಗ್ಗಿಸಿ ಕೆಮ್ಮುವುದು ಕಂಡಿತು.

ತರಬೇತಿಯಲ್ಲಿ ಮೇಷ್ಟ್ರು ಇನ್ನೊಂದು ತೋರಿಸಿದ್ದರು. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್ಕಿಗೆ ಒತ್ತಿ, ಮತ್ತೆ ಬೆಂಕಿಗೆ ಹಿಡಿದರೆ ಪಿವಿಸಿಗೆ ಹಸಿರು ಜ್ವಾಲೆ ಬರುತ್ತದೆ. ನಾನೇ ಕೈಯಾರೆ ಮಾಡಿದ್ದಲ್ಲ, ನೋಡಿದ್ದು ಅಷ್ಟೇ. ಗಾಡಿಯ ಡಬ್ಬಿಯೊಳಗೆ ಕೈ ಹಾಕಿ ಹುಡುಕಿದೆ. ಯಾರೋ ಎಸೆದ ಚಾರ್ಜರಿನ ಹಳೆಯ ವೈರು ಸಿಕ್ಕಿತು. ಹಲ್ಲಿನಿಂದ ಸಿಪ್ಪೆ ಕಚ್ಚಿ ಎಳೆದು ತಾಮ್ರದ ಎಳೆಗಳನ್ನು ಹೊಸೆದು, ಕ್ಯಾಬಿನ್ನಿನೊಳಗೆ ಚಹಾ ಕಾಯಿಸುವ ಗ್ಯಾಸಿನ ಒಲೆ ಹಚ್ಚಿದೆ. ಕಿಟಕಿಯ ಪರದೆ ಎಳೆದೆ, ಬಾಗಿಲು ಮುಚ್ಚಿದೆ. ಬಿಸಿಲಿನಲ್ಲಿ ಜ್ವಾಲೆಯ ಬಣ್ಣ ಕಾಣುವುದಿಲ್ಲ.

ತಂತಿಯನ್ನು ಬೆಂಕಿಗೆ ಹಿಡಿದ ಕೂಡಲೇ ಹಸಿರು ಬಂತು.

ಮ್ಯಾನೇಜರರು ನಕ್ಕರು. "ಇನ್ನೂ ಏನೂ ಹಚ್ಚೇ ಇಲ್ಲ, ಹಸಿರು ಬಂತಲ್ಲ ಬಾಯಿಯವ್ರೆ."

ಒಂದು ಕ್ಷಣ ಎಲ್ಲ ಮರೆತು ಹೋಯಿತು. ಆಮೇಲೆ ಹೊಳೆಯಿತು. ವೈರಿನ ಸಿಪ್ಪೆಯೂ ಪಿವಿಸಿಯೇ, ಅದರ ಅಂಟು ತಂತಿಗೆ ಉಳಿದಿದೆ. "ನಿಂದ್ರಿ," ಅಂದೆ. ತಂತಿಯನ್ನು ಬೆಂಕಿಯಲ್ಲೇ ಹಿಡಿದೆ. ಹಸಿರು ಕಡಿಮೆಯಾಯಿತು, ಒಂದು ಎಳೆಯಷ್ಟು ಉಳಿಯಿತು, ಹೋಯಿತು. ಬರೀ ಗ್ಯಾಸಿನ ನೀಲಿ. ಬೆರಳಿಗೆ ಬಿಸಿ ಏರುತ್ತಿತ್ತು, ಸೆರಗು ಸುತ್ತಿಕೊಂಡೆ. ಹಾಲಿನ ಪಾಕೀಟಿನ ಚೂರಿಗೆ ಒತ್ತಿ ಹಿಡಿದೆ. ಹಳದಿ ಉರಿದು ಆರಿತು. ತಂತಿಯನ್ನು ಮತ್ತೆ ಸುಟ್ಟು ಸ್ವಚ್ಛ ಮಾಡಿ, ಬಕೀಟಿನ ತಳದಿಂದ ತೆಗೆದ ಚೂರಿಗೆ ಒತ್ತಿದೆ. ಹಿಡಿದೆ.

ಹಸಿರು. ಕ್ಯಾಬಿನ್ನಿನ ಗೋಡೆಯ ಮೇಲೂ ಅದರ ಬಣ್ಣ ಬಿತ್ತು.

ಅವರು ನಗಲಿಲ್ಲ. ಇನ್ನೊಂದು ಚೂರು ತೆಗೆದು ತಾವೇ ಒತ್ತಿ ನೋಡಿದರು. ಒಲೆ ಆರಿಸಿದರು. ಬಾಗಿಲು ತೆರೆದು, ಮೇಜಿನ ಖಾನೆಯಿಂದ ಚೀಟಿ ತೆಗೆದು ನನ್ನ ಮುಂದೆ ಇಟ್ಟರು.

"ಸಹಿ ಯಾರ್ದು?"

"ನಂದೇರಿ."

"ನೋಡಿ ಮಾಡೀರಿ?"

"ಇಲ್ರಿ. ನಾ ಬೀದರದಾಗ ಇದ್ದೆ. ಮೊದಲೇ ಮಾಡಿಟ್ಟು ಹೋಗಿದ್ದೆ."

"ಅದನ್ನ ಹಿಂದ ಬರೀರಿ. ಬರದು ಕೊಟ್ರ ಈಗ ನಿಲ್ಲಿಸ್ತೇನಿ. ಇಲ್ಲಾಂದ್ರ ನಾಳಿ ಪ್ಲಾಂಟ್ ಯಾಕ ನಿಲ್ಲಿಸಿದಿ ಅಂತ ನನ್ನ ಕೊಳ್ಳಿಗಿ ಬರ್ತದ."

ಬಾಗಿಲಲ್ಲಿ ಕಾಕು ಬಂದು ನಿಂತಿದ್ದರು. "ಹಾಕಿದಾಕಿ ನಾ. ನಾ ಬರೀತೇನಿ, ಪೆನ್ ಕೊಡ್ರಿ ಇಲ್ಲೆ."

"ಚೀಟಿ ಮ್ಯಾಲ ಹೆಸರು ಅವರದದ," ಅಂದರು ಮ್ಯಾನೇಜರರು.

ಬರೆದೆ. 'ಈ ಮಾಲನ್ನು ನಾನು ನೋಡಿಲ್ಲ. ನೋಡದೆ ಸಹಿ ಮಾಡಿದ್ದೇನೆ. ಇದರಲ್ಲಿ ಪಿವಿಸಿ ಇದೆ.' ಮೂರು ಸಾಲು ಬರೆಯಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಕೆಳಗೆ ಸಹಿ ಹಾಕುವಾಗ, ಇನ್ನು ಈ ಕೆಲಸ ಉಳಿಯುವುದಿಲ್ಲ ಅಂತ ಮನಸ್ಸಿಗೆ ಬಂತು. ನಮ್ಮ ಮನೆತನದಲ್ಲಿ ಮೊದಲು ಕಚೇರಿಯ ಕಾಗದಕ್ಕೆ ಸಹಿ ಹಾಕುವ ಕೆಲಸಕ್ಕೆ ಬಂದ ಹೆಣ್ಣುಮಗಳು ನಾನು. ಅಪ್ಪ ಅದನ್ನು ಬುದ್ಧವಿಹಾರದಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದ.

ಮ್ಯಾನೇಜರರು ಚೀಟಿ ಮಡಚಿ ಜೇಬಿಗೆ ಇಟ್ಟು, ಹೊರಗೆ ಹೋಗಿ ಕೈ ಎತ್ತಿದರು. ಮೊದಲು ಬೆಂಕಿಯ ಸದ್ದು ನಿಂತಿತು. ಡ್ರಮ್ಮು ಇನ್ನೂ ಸ್ವಲ್ಪ ತಿರುಗಿ, ಒಳಗಿನ ಮಾಲು ಹೊರಗೆ ಚೆಲ್ಲಿ, ನಿಂತಿತು. ಅಷ್ಟು ಸದ್ದು ಅಡಗಿದ ಮೇಲೆ ಅಕ್ಕನ ಕೆಮ್ಮು ಬೇವಿನ ಮರದ ಕೆಳಗಿನಿಂದ ಸ್ಪಷ್ಟವಾಗಿ ಕೇಳಿಸಿತು.

ಅವಳನ್ನೂ, ಮಂಚ ಹತ್ತಿದ್ದ ಆ ಆಳನ್ನೂ ಕಸದ ಗಾಡಿಯಲ್ಲೇ ಔರಾದದ ದವಾಖಾನೆಗೆ ಒಯ್ದೆ. ಮುಂದೆ ಅಕ್ಕ, ಹಿಂದಿನ ಡಬ್ಬಿಯ ಅಂಚು ಹಿಡಿದು ಕಾಕು ಮತ್ತು ಆ ಆಳು. ನರ್ಸಮ್ಮ ಇಬ್ಬರ ಕಣ್ಣನ್ನೂ ತುಂಬಾ ಹೊತ್ತು ನೀರಿನಿಂದ ತೊಳೆದರು. ಅಕ್ಕನ ಮೂಗಿಗೆ ಔಷಧಿಯ ಆವಿ ಬರುವ ಮುಖವಾಡ ಹಚ್ಚಿದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಸಂಜೆ ತನಕ ಇಲ್ಲೇ ಇರಲಿ, ಉಸಿರು ಹೆಚ್ಚು ಕಡಿಮೆಯಾದರೆ ಬೀದರಕ್ಕೆ ಕಳಿಸೋಣ ಅಂದರು. ನಾನು ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಏರುವುದು ತಡವಾದರೆ ನಾನು ಎದ್ದು ನಿಲ್ಲುತ್ತಿದ್ದೆ.

ಮೂರು ಗಂಟೆಯ ಹೊತ್ತಿಗೆ ಅವಳು ಮುಖವಾಡ ತೆಗೆದು ಮಾತಾಡಿದಳು. ದನಿ ಹರಿದಿತ್ತು.

"ಮೊದಲನೇ ಡಬ್ಬಿಗೇ ಕಣ್ಣು ಉರೀತು. ಈ ನನ್ನ ಜೋಡಿ ಬಂದ ಹುಡುಗ ಅಂದ, ಮಾಲು ಸರಿ ಇಲ್ಲ ಕಾಣ್ತದ ಅಂತ. ನಾ ಅಂದೆ, ನನ್ನ ತಂಗಿ ಕೈಯ ಚೀಲ ಅದ, ಅದರಾಗ ಏನೂ ಇರೂದಿಲ್ಲ. ಸುಮ್ನ ಹಾಕಿದೆ."

ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಉಸಿರು ಸರಿಹೋಯಿತು. ಬೀದರಕ್ಕೆ ಕಳಿಸುವ ಪ್ರಸಂಗ ಬರಲಿಲ್ಲ. ಬಾವ ಬಂದು ಅವಳನ್ನು ಮನೆಗೆ ಕರೆದುಕೊಂಡು ಹೋಗುವಾಗ ಅಕ್ಕ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಎಂಜಿನಿಯರ್ ಸಾಹೇಬರು ಅವತ್ತೇ ಪ್ಲಾಂಟಿಗೆ ಬಂದು, ತುಂಬಿ ನಿಂತಿದ್ದ ಟಿಪ್ಪರನ್ನು ಖಾಲಿ ಮಾಡಿಸಿ, ಉಳಿದ ಚೀಲಗಳನ್ನೆಲ್ಲ ಸೀಲ್ ಮಾಡಿಸಿದರಂತೆ. ಮುಂದಿನ ವಾರ ಪಂಚಾಯಿತಿಯಲ್ಲಿ ಸಭೆ ಆಯಿತು. ನಾನು ಚೀಟಿಯ ಹಿಂದೆ ಬರೆದದ್ದನ್ನು ಎಲ್ಲರೆದುರು ಓದಿದರು. ಗಾಡಿ ಗಡಿ ದಾಟಿಸಿದ್ದಕ್ಕೆ ಕೀಲಿ ಇಸಿದುಕೊಂಡರು. ಸಹಿ ಮಾಡುವ ಕೆಲಸ ಬೇರೆಯವರಿಗೆ ಹೋಯಿತು. ಕೆಲಸದಿಂದಲೇ ತೆಗೆಯಬೇಕು ಅಂತ ಇಬ್ಬರು ಪಟ್ಟು ಹಿಡಿದರು. ಕಾಕು ಎದ್ದು ನಿಂತು, ಹಾಗಾದರೆ ನನ್ನನ್ನೂ ತೆಗೆಯಿರಿ, ಯಂತ್ರಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಅಂದರು. ಯಂತ್ರ ಓಡಿಸಬಲ್ಲವರು ಬೇರೆ ಯಾರೂ ಇರಲಿಲ್ಲ. ನನ್ನನ್ನು ಕಸ ಬೇರೆ ಮಾಡುವ ಮೇಜಿಗೆ ಹಾಕಿದರು.

ಮೈಲೂರಿನಲ್ಲಿ ಯಜಮಾನರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಸಮಾಧಾನ ಹೇಳಿದರು: ನಿನ್ನದೇನು ತಪ್ಪು, ನನ್ನ ದೆಸೆಯಿಂದ ತಾನೇ ನೀನು ರಜೆ ಹಾಕಿದ್ದು. ಸಂಘದ ಹೆಣ್ಣುಮಕ್ಕಳೂ ಅದನ್ನೇ ಹೇಳಿದರು, ಹೋಗಲಿ ಬಿಡು, ಜೀವಕ್ಕೇನೂ ಆಗಲಿಲ್ಲ. ಅವರು ಹಾಗೆ ಹೇಳಿದಷ್ಟೂ ನನಗೆ ಊಟ ಇಳಿಯುತ್ತಿರಲಿಲ್ಲ. ಅಕ್ಕ ಫೋನು ಎತ್ತುತ್ತಿರಲಿಲ್ಲ. ಅವಳು ಪ್ಲಾಂಟಿಗೆ ಮತ್ತೆ ಹೋಗಲಿಲ್ಲವೆಂದೂ, ರಾತ್ರಿ ಕೆಮ್ಮು ಇನ್ನೂ ನಿಂತಿಲ್ಲವೆಂದೂ ಬಾವ ಹೇಳಿದ.

ರಸ್ತೆ ಮುಗಿದದ್ದು ಬೇಸಿಗೆಯ ಮೊದಲಿಗೆ. ಕೊನೆಯ ಚೀಲಗಳನ್ನೆಲ್ಲ ಮೇಜಿನ ಮೇಲೆ ನಾನೇ ಒಂದೊಂದು ಮುಷ್ಟಿ ತೆಗೆದು ನೋಡಿದ್ದೆ. ಹಾಗೆ ನೋಡು ಅಂತ ಯಾರೂ ಹೇಳಿರಲಿಲ್ಲ.

ಬುದ್ಧಪೂರ್ಣಿಮೆಗೆ ಭಾತಂಬ್ರಾಕ್ಕೆ ಹೋದಾಗ ಅಕ್ಕ ಬಂದಿದ್ದಳು. ಅವ್ವನ ಮನೆಯ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತೆ. ಎದ್ದು ಹೋಗುತ್ತಾಳೇನೋ ಅಂದುಕೊಂಡೆ, ಹೋಗಲಿಲ್ಲ.

"ಕೆಮ್ಮು ಹ್ಯಾಂಗದ ಅಕ್ಕಾ?"

"ಧೂಳು ಕಂಡ್ರ ಬರ್ತದ."

"ತಪ್ಪು ನಂದೇ ಅದ," ಅಂದೆ.

ಅವಳು ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿದಳು. "ಹೌದು, ನಿಂದೇ," ಅಂದಳು.

ಮತ್ತೆ ಬೇಳೆಯೊಳಗೆ ಬೆರಳಾಡಿಸಿದಳು. ಇಷ್ಟು ತಿಂಗಳಲ್ಲಿ ಆ ಮಾತನ್ನು ನನಗೆ ನೇರವಾಗಿ ಹೇಳಿದವಳು ಅವಳೊಬ್ಬಳೇ. ನನ್ನ ಕಣ್ಣಲ್ಲಿ ನೀರು ಬಂತು, ಆದರೆ ಎದೆಯ ಮೇಲಿನದೇನೋ ಸರಿದ ಹಾಗೆಯೂ ಆಯಿತು. ಅಕ್ಕ ಮೊರವನ್ನು ನಮ್ಮಿಬ್ಬರ ನಡುವೆ ತಳ್ಳಿದಳು.

"ಆ ಬದೀದು ನೀ ನೋಡು. ಅವ್ವಗ ಅಡಗಿಗಿ ಹೊತ್ತಾಗ್ತದ."

ನಾನು ನನ್ನ ಬದಿಯ ಬೇಳೆಯನ್ನು ಹರಡಿಕೊಂಡು ಕಲ್ಲು ಆರಿಸಲು ಕೂತೆ.